ಆರು ಕ್ರಿಸ್ಟಲ್, ಒಂದೇ ಅಂಕೆ

ಡೊಂಬಿವಲಿ
ಶನಿವಾರ, 15-2-2025

ಚಿ. ರಂಜನನಿಗೆ ಅಮ್ಮನ ಆಶೀರ್ವಾದಗಳು.

ನಾನು ಸತ್ಯಭಾಮಾ. ಹತ್ತನೆಯವರೆಗೆ ಓದಿದವಳು, ಪರೀಕ್ಷೆ ಬರೆದು ಹ್ಯಾಮ್ ಎಂಬ ಹವ್ಯಾಸಿ ರೇಡಿಯೊದ ಲೈಸನ್ಸ್ ಪಡೆದವಳು, ಮನೆಯಲ್ಲೇ ರೇಡಿಯೊ ಕಟ್ಟುವವರಿಗೆ ಮೂವತ್ತೆರಡು ವರ್ಷದಿಂದ ಕ್ರಿಸ್ಟಲ್ ಎಂಬ ಉಗುರಿನಷ್ಟು ಚಿಕ್ಕ ಬಿಡಿಭಾಗವನ್ನು ಅಳೆದು ಹೊಂದಿಸಿ ಕೊಡುತ್ತಿರುವವಳು. ಹೆತ್ತ ಮಗನಿಗೆ ಇದನ್ನು ಹೇಳಿಕೊಳ್ಳಬೇಕಾಗಿ ಬಂದಿದೆ. ಕಾಗದ ತಡವಾಯಿತು. ಸಿಟ್ಟು ಇಳಿಯಲಿ ಎಂದು ಒಂದು ವಾರ ಕಾದೆ, ಇಳಿಯಲಿಲ್ಲ.

ಹೋದ ಶನಿವಾರ ಶಹಾಡ್‌ನ ಶಶಿಕಾಂತ ಬಂದಿದ್ದ. ನಮ್ಮ ಪೊಟ್ಟಣದ ಆರೂ ಕ್ರಿಸ್ಟಲ್‌ಗಳನ್ನು ತನ್ನ ಸೆಟ್‌ನಿಂದ ಬಿಚ್ಚಿ ತಂದಿದ್ದ. ಚಹಾ ಕೊಟ್ಟರೂ ಮುಟ್ಟಲಿಲ್ಲ.

"ಸಿಟ್ಟಾಗಬ್ಯಾಡ್ರಿ ಅವ್ವಾರ," ಎಂದ. "ಮಂದಿ ದನಿ ಗಡಿಗ್ಯಾಗ ಮಾತಾಡಿದಂಗ ಕೇಳತೈತಿ. ನನ್ನ ಕೈ ತಪ್ಪಿರಬೇಕಂತ ಮೂರು ಸಲ ಬಿಚ್ಚಿ ಕಟ್ಟೀನ್ರಿ. ನಿಮ್ಮ ಮಾಲಿನ ಮ್ಯಾಲೆ ಅನುಮಾನ ಪಡಾಕ ಮನಸ್ಸ ಬರಲಿಲ್ಲ."

ಪೊಟ್ಟಣದ ಜೊತೆ ಹೋದ ಅಳತೆಯ ಚೀಟಿ ನೋಡಿದೆ. ಆರಕ್ಕೂ 430 ಎಂದೇ ಬರೆದಿತ್ತು. ಕೆಳಗೆ ನನ್ನ ಹೆಸರು. ಅಳೆಯುವ ಮೊದಲೇ ನನಗೆ ತಿಳಿಯಿತು. ಹೊರಗಿನ ತಗಡಿನ ಮೇಲೆ ಒಂದೇ ಸಂಖ್ಯೆ ಅಚ್ಚಾಗಿದ್ದರೂ ಒಂದೊಂದು ಕ್ರಿಸ್ಟಲ್ ಒಂದೊಂದು ರೀತಿ ಕಂಪಿಸುತ್ತದೆ. ಬೇರೆಯವರ ದನಿ ಸ್ಪಷ್ಟವಾಗಿ ಕೇಳಬೇಕಾದರೆ ನೂರರಲ್ಲಿ ಹತ್ತಿರ ಹತ್ತಿರ ಬರುವ ಆರನ್ನು ಹುಡುಕಿ ಕೊಡಬೇಕು. ಅಚ್ಚಿನ ಸಂಖ್ಯೆಗಿಂತ ಎಷ್ಟು ಆಚೀಚೆ ಎಂದು ಅಳೆದು ನಾನು ಬರೆದ ಚೀಟಿಯಲ್ಲಿ 418 ಇರುತ್ತದೆ, 423 ಇರುತ್ತದೆ, 431 ಇರುತ್ತದೆ. ಆರಕ್ಕೂ ಒಂದೇ ಅಂಕೆ ಬರೆದವನು ಅಳೆದೇ ಇಲ್ಲ. ಸುಳ್ಳು ಬರೆಯುವುದಕ್ಕೂ ಈ ಕೆಲಸ ಸ್ವಲ್ಪ ತಿಳಿದಿರಬೇಕು, ರಂಜನ್.

ಫ್ಯಾನ್ ಆರಿಸಿ, ಬೆರಳಿನ ಬಿಸಿ ತಾಗದಂತೆ ಚಿಮುಟದಲ್ಲಿ ಹಿಡಿದು ಅವನೆದುರೇ ಅಳೆದೆ. 112. 640. 385. ಮುಂದೆ ಅಳೆಯಲು ಆಗಲಿಲ್ಲ.

ರಬಾಳೆಯಿಂದ ಕ್ರಿಸ್ಟಲ್ ತರುವುದು ನೀನು, ಹೊಂದಿಸುವುದು ನಾನು, ಕೊರಿಯರ್ ಮಾಡುವುದು ನೀನು. ನಡುವಿನ ನನ್ನನ್ನು ನೀನು ಬಿಟ್ಟುಬಿಟ್ಟೆ. ಅವನು ಹೋದ ಮೇಲೆ ಐರೋಲಿಯ ನಿನ್ನ ಮನೆಗೆ ಫೋನ್ ಮಾಡಿದರೆ ನೀನು ನಕ್ಕೆ.

"ಅಮ್ಮಾ, ಇಷ್ಟಕ್ಕೆಲ್ಲ ಎಂತ ಟೆನ್ಷನ್! ನೀನು ತಿಂಗಳಿಗೆ ಹತ್ತು ಪೊಟ್ಟಣ ಮಾಡುದು, ಕೇಳುವವರು ನಲ್ವತ್ತು ಜನ ಉಂಟು. ಎಲ್ಲ ಸೇಮ್ ಮಾಲ್. ನಾನು ದೀಪಾವಳಿಯಿಂದ ಹೀಗೇ ಕಳಿಸುದು. ಅಳೆದು ನೋಡ್ಲಿಕ್ಕೆ ಯಾರಿಗೆ ಟೈಮ್ ಉಂಟು?"

ಯಾರೂ ಅಳೆದು ನೋಡುವುದಿಲ್ಲ, ನಿಜ. ನನ್ನ ಹೆಸರಿದೆ ಎಂದು ನೋಡುವುದಿಲ್ಲ.

ನಾಳೆ ಭಾನುವಾರ. ಬೆಳಿಗ್ಗೆ ಎಂಟಕ್ಕೆ ಹ್ಯಾಮ್‌ಗಳೆಲ್ಲ ರೇಡಿಯೊದಲ್ಲಿ ಸೇರುತ್ತಾರೆ. ಎಲ್ಲರೂ ಕೇಳುವಂತೆ ನಿನ್ನ ಹೆಸರು ಹೇಳುತ್ತೇನೆ. ಈ ಕಾಗದ ತಡವಾಗಿ ತಲುಪಿದರೂ ಹಿಂದಿನ ದಿನವೇ ಬರೆದದ್ದು, ಆಮೇಲೆ ಅಮ್ಮ ಬೆನ್ನ ಹಿಂದೆ ಮಾಡಿದಳು ಎನ್ನಬೇಡ. ಅದು ನಿನ್ನ ರೀತಿ.

ನಿನ್ನ ಹೆಂಡತಿ ಚಂಪಾಳ ಬೆನ್ನುನೋವು ಹೇಗಿದೆ? ಬಕೆಟ್ ಎತ್ತಬೇಡ ಎಂದು ಹೇಳು. ದೇವರು ನಿಮ್ಮೆಲ್ಲರನ್ನು ಆರೋಗ್ಯವಾಗಿಡಲಿ. ನಿನಗೆ ಸ್ವಲ್ಪ ನಾಚಿಕೆಯನ್ನೂ ಕೊಡಲಿ.

ಇತಿ,
ನಿನ್ನ ಅಮ್ಮ
ಸತ್ಯಭಾಮಾ

ಮತ್ತೆ ಬರೆದದ್ದು, ಭಾನುವಾರ ಸಂಜೆ:

ನಿನ್ನೆ ಕವರ್ ಅಂಟಿಸುವ ಮೊದಲು ಆ ಚೀಟಿಯನ್ನು ಇನ್ನೊಮ್ಮೆ ನೋಡಿದೆ. ನನ್ನ ಹೆಸರಿನ ನೆತ್ತಿಯ ಮೇಲೆ ಉದ್ದಕ್ಕೂ ಒಂದು ಗೀಟು, ಅರ್ಧ ಅಳಿಸಿದ್ದು. ಕನ್ನಡಕ್ಕೆ ಆ ಗೀಟು ಎಳೆಯುವವಳು ನಮ್ಮಲ್ಲಿ ಒಬ್ಬಳೇ, ನಿನ್ನ ಮಗಳು ಅನುಷ್ಕಾ. ಅಕ್ಷರದ ತಲೆಯ ಮೇಲೆ ಗೀಟೆಳೆಯುವ ಮರಾಠಿಯನ್ನು ಶಾಲೆಯಲ್ಲಿ ಬರೆದು ಪಳಗಿದ ಕೈ. ರಜೆಯಲ್ಲಿ ಪಕ್ಕ ಕೂರಿಸಿಕೊಂಡು ಅವಳಿಗೆ ಕನ್ನಡ ಕಲಿಸಿದವಳು ನಾನು. ಅವಳು ಮೊದಲು ಬರೆದ ಹೆಸರು ನನ್ನದು. ಅಜ್ಜಿಗೆ ಸಹಾಯ ಎಂದು ಹೇಳಿ ಬರೆಸಿದೆಯಾ?

ಬೆಳಿಗ್ಗೆ ಮೈಕ್ ಹಿಡಿದಾಗ ನಿನ್ನ ಹೆಸರು ಹೇಳಲಿಲ್ಲ. ಹೇಳಿದ್ದರೆ ಆ ಅಕ್ಷರ ಯಾರದೆಂದು ಕೇಳುತ್ತಿದ್ದರು. ನನ್ನ ಕಣ್ಣು ಮಂಜಾಗಿದೆ, ದೀಪಾವಳಿಯ ನಂತರದ ಪೊಟ್ಟಣಗಳಲ್ಲಿ ತಪ್ಪು ನನ್ನದು, ಎಲ್ಲ ಹಿಂದಕ್ಕೆ ಕಳಿಸಿ ಎಂದೆ. ಆಮೇಲೆ ಶಶಿಕಾಂತ, "ಇರಲಿ ಬಿಡ್ರಿ ಅವ್ವಾರ, ವಯಸ್ಸಾತಲ್ಲ" ಎಂದ. ಹೌದಪ್ಪಾ ಎಂದೆ.

ಅಳೆಯುವ ಮೀಟರನ್ನೂ ಉಳಿದ ಕ್ರಿಸ್ಟಲ್‌ಗಳನ್ನೂ ಮಧ್ಯಾಹ್ನ ಅವನಿಗೆ ಒಪ್ಪಿಸಿದೆ. ಹಿಂದೆ ಬರುವ ಪೊಟ್ಟಣಗಳನ್ನು ಅವನೇ ಬದಲಿಸಿ ಕೊಡುತ್ತಾನೆ, ಅವನದೇ ಹೆಸರಿನಲ್ಲಿ.