ಬೆಳಗಿನ ಇಪ್ಪತ್ನಾಲ್ಕು ಸಂಜೆಗೆ ಹೋದದ್ದು ಹೇಗೆ?

ಚಿಕಿತ್ಸಾಲಯಗಳ ಔಷಧಿ ಚೀಟಿ ಮುದ್ರಿಸುವ ಕಂಪ್ಯೂಟರ್‌ಗಳ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಮೂರು ವಾರದ ಹಿಂದೆ, ಶುಕ್ರವಾರ ಸಂಜೆ, ನಿಮ್ಮ ಕಂಪ್ಯೂಟರ್ ಮುದ್ರಿಸಿದ ಚೀಟಿಯನ್ನು ನಂಬಿ ನನ್ನ ಹೆಂಡತಿಯನ್ನು ನಾನೇ ಕೊಲ್ಲುವುದರಲ್ಲಿದ್ದೆ. ಆ ಹೆದರಿಕೆ ಇನ್ನೂ ಇಳಿದಿಲ್ಲ. ನಿಮಗೆ ಎರಡು ಪತ್ರ ಬರೆದೆ. ಎರಡಕ್ಕೂ ‘ನಿಮ್ಮ ಮನವಿ ತಲುಪಿದೆ’ ಎಂಬ ಉತ್ತರ ಬಂತು. ಸಂತೋಷ. ಮನವಿಯಾದರೂ ಸುಖವಾಗಿ ತಲುಪಿತಲ್ಲ! ನನ್ನ ಹೆಂಡತಿ ಎಲ್ಲಿಗೆ ತಲುಪುವುದರಲ್ಲಿದ್ದಳು ಎಂಬುದನ್ನು ಈಗ ಊರೆಲ್ಲ ಓದಲಿ ಎಂದು ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೆ ಇಪ್ಪತ್ತೆರಡು ವರ್ಷದಿಂದ ಹೈಫಾದ ಹದಾರ್ ಬಡಾವಣೆಯಲ್ಲಿ ಕೀಬೋರ್ಡಿನ ಗುಂಡಿಗಳಿಗೆ ಅಕ್ಷರದ ಸ್ಟಿಕರ್ ಅಂಟಿಸಿ ಬದುಕಿದ್ದೇನೆ. ಒಂದೇ ಗುಂಡಿಯ ಮೇಲೆ ಇಂಗ್ಲಿಷ್, ಹೀಬ್ರೂ, ರಷ್ಯನ್, ಬೇಕೆಂದರೆ ಅರಬಿ ಕೂಡ. ಬಾಡಿಗೆ ಮನೆಯಲ್ಲಿ ನಾಲ್ಕು ಸಂಸಾರ ಇದ್ದ ಹಾಗೆ. ನಮ್ಮವರು ಭಾಷೆ ಬದಲಿಸುವುದನ್ನು ಮರೆತು, ಬೆರಳು ನೋಡಿಕೊಂಡು ಪುಟಗಟ್ಟಲೆ ಟೈಪ್ ಮಾಡುತ್ತಾರೆ. ತಲೆ ಎತ್ತಿದರೆ ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅದನ್ನೂ ಹೀಬ್ರೂ ಎಂದೇ ಓದಿಹೇಳಿ ಗಿರಾಕಿಗಳನ್ನು ನಗಿಸುವುದು ನನ್ನ ಕಸುಬಿನ ಭಾಗ. ಆ ತಪ್ಪು ಕಣ್ಣಿಗೆ ಕಾಣುತ್ತದೆ, ಅದಕ್ಕೇ ನಗು ಬರುತ್ತದೆ. ನಿಮ್ಮ ತಪ್ಪು ಕಾಣುವುದೇ ಇಲ್ಲ.

ನನ್ನ ಹೆಂಡತಿ ಒಡೆಟ್‌ಗೆ ಸಕ್ಕರೆ ಕಾಯಿಲೆ. ಆ ಶುಕ್ರವಾರ ಮಧ್ಯಾಹ್ನ ಡಾಕ್ಟರು ಇನ್ಸುಲಿನ್ ಪ್ರಮಾಣ ಬದಲಿಸಿ ಹೊಸ ಚೀಟಿ ಕೊಟ್ಟರು. ಚೀಟಿಯ ಮೇಲೆ ಬಲಗಡೆಯಿಂದ ‘ಬೆಳಿಗ್ಗೆ, ಮಧ್ಯಾಹ್ನ, ಸಂಜೆ’ ಎಂದಿತ್ತು. ಬೆಳಿಗ್ಗೆಯ ಕೆಳಗೆ ಎಂಟು, ಮಧ್ಯಾಹ್ನದ ಕೆಳಗೆ ಸೊನ್ನೆ, ಸಂಜೆಯ ಕೆಳಗೆ ಇಪ್ಪತ್ನಾಲ್ಕು, ನಡುನಡುವೆ ಅಡ್ಡಗೆರೆ.

“ಸಂಜೆಗೆ ಇಪ್ಪತ್ನಾಲ್ಕಾ, ಪ್ರೋಸ್ಪರ್? ನಿನ್ನೆವರೆಗೂ ಆರಿತ್ತಲ್ಲೋ. ಒಂದ್ಸಲ ಫೋನ್ ಮಾಡಿ ಕೇಳೋಣ” ಎಂದು ಒಡೆಟ್ ನನಗೆ ಹೇಳಿದಳು.

“ಡಾಕ್ಟ್ರು ಇಪ್ಪತ್ತು ವರ್ಷ ಓದಿದಾರೆ. ನಾವಿಬ್ರೂ ಸೇರಿದ್ರೂ ಅದರಲ್ಲಿ ಅರ್ಧ ಆಗಲ್ಲ. ಸುಮ್ನೆ ಹೊಟ್ಟೆ ತೋರ್ಸು.”

ಇನ್ಸುಲಿನ್ ಚುಚ್ಚುವ ಪೆನ್ನಿನ ಹಿಂಬದಿ ತಿರುಗಿಸಿದ್ದು ನಾನು. ಟಕ್ ಟಕ್ ಎಂದು ಇಪ್ಪತ್ನಾಲ್ಕು ಸಲ. ಹಾಡು ಬೇರೆ ಹೇಳಿಕೊಂಡು.

ನಮ್ಮ ವಾರದ ವಿರಾಮದ ದಿನ ಶುರುವಾಗುವ ಶಬ್ಬತ್ ಊಟಕ್ಕೆ ಅವಳ ತಮ್ಮ ಮೈಮೋನ್ ಬರಬೇಕಿತ್ತು. ಅವನು ಸಿನಗಾಗ್‌ನಿಂದ ಪ್ರಾರ್ಥನೆ ಮುಗಿಸಿ ಹೊರಟರೆ ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸದೆ ಬರುವ ಪೈಕಿಯಲ್ಲ. ಮಂತ್ರ ಆಗದೆ ನಮ್ಮಲ್ಲಿ ಯಾರೂ ತುತ್ತು ಮುಟ್ಟುವುದಿಲ್ಲ. ಕಾದೆವು. ಒಡೆಟ್ ಬೆವರುತ್ತಿದ್ದಳು, ಅಡುಗೆಮನೆ ಸೆಕೆ ಅಂದುಕೊಂಡೆ. ಮೈಮೋನ್ ಬಂದು ದ್ರಾಕ್ಷಿ ರಸದ ಲೋಟ ಎತ್ತಿ ಮಂತ್ರ ಶುರು ಮಾಡಿದಾಗ ಅವಳು ನನ್ನ ಮುಖ ನೋಡಿ “ಅಪ್ಪಾ, ಬಾಗಿಲು ಹಾಕು” ಅಂದಳು. ನಾನು ನಕ್ಕೆ. ಸ್ವಾಮೀ, ನಾನು ನಕ್ಕೆ! ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡೆ. ಮಾವ ತೀರಿಹೋಗಿ ಹತ್ತು ವರ್ಷವಾಗಿದೆ.

ಅವಳು ಕುರ್ಚಿಯಿಂದ ಜಾರತೊಡಗಿದಳು. ನಾನು ಮೈಮೋನ್ ಕೈಯ ಲೋಟ ಕಿತ್ತುಕೊಂಡೆ.

“ಭಾವಾ, ಮಂತ್ರ ಮುಗಿದಿಲ್ಲ!”

“ಮಂತ್ರ ಆಮೇಲೆ ಹೇಳ್ಕೊಳ್ಳೋ! ಮೊದ್ಲು ನಿಮ್ಮಕ್ಕ ಉಳೀಲಿ! ಆಂಬ್ಯುಲೆನ್ಸ್‌ಗೆ ಫೋನ್ ಮಾಡು!”

ಫೋನ್ ಮುಟ್ಟುವುದೇ ನಿಷಿದ್ಧವಾದ ಶಬ್ಬತ್ತಿನಲ್ಲಿ ಮೈಮೋನ್ ಅದನ್ನು ಮುಟ್ಟಿದ್ದನ್ನು ಮೊದಲ ಸಲ ನೋಡಿದೆ. ಅವಳಿಗೆ ಇನ್ನೂ ನುಂಗುವಷ್ಟು ಎಚ್ಚರವಿತ್ತು. ಇಳಿದುಹೋದ ಸಕ್ಕರೆ ಏರಲಿ ಎಂದು ದ್ರಾಕ್ಷಿ ರಸವನ್ನು ಗುಟುಕು ಗುಟುಕಾಗಿ ಕುಡಿಸಿದೆ. ಆಂಬ್ಯುಲೆನ್ಸಿನವರು ಬರುವ ಹೊತ್ತಿಗೆ ಕಣ್ಣು ಬಿಟ್ಟು “ಮೇಜುಬಟ್ಟೆ ಮೇಲೆಲ್ಲ ಯಾರು ಚೆಲ್ಲಿದ್ದು?” ಎಂದು ಬೈದಳು. ಮೂವತ್ತು ವರ್ಷದ ಸಂಸಾರದಲ್ಲಿ ಅಷ್ಟು ಹಿತವಾದ ಬೈಗುಳ ಕೇಳಿರಲಿಲ್ಲ.

ಭಾನುವಾರ ಚಿಕಿತ್ಸಾಲಯಕ್ಕೆ ಹೋದೆ. ಅಲ್ಲಿ ಕಂಪ್ಯೂಟರ್ ಮುಂದೆ ಕೂರುವ ಝನ್ನಾ ನನ್ನ ಗಿರಾಕಿ. ಅವಳ ಗುಂಡಿಗಳಿಗೆ ರಷ್ಯನ್ ಅಂಟಿಸಿದ್ದು ನಾನೇ.

“ನಮ್ಮಲ್ಲಿ ಸರಿಯಾಗೇ ಇದೆ ಪ್ರೋಸ್ಪರಣ್ಣ. ನೀವೇ ಗಡಿಬಿಡೀಲಿ ಉಲ್ಟಾ ಓದಿರ್ತೀರ.”

“ಹಾಗಾದ್ರೆ ಪರದೆ ಈ ಕಡೆ ತಿರುಗ್ಸಮ್ಮಾ.”

ತಿರುಗಿಸಿದಳು. ಪರದೆಯಲ್ಲಿ ಬೆಳಿಗ್ಗೆಯ ಕೆಳಗೆ ಇಪ್ಪತ್ನಾಲ್ಕು, ಸಂಜೆಯ ಕೆಳಗೆ ಎಂಟು. ಚೀಟಿಯನ್ನು ಪಕ್ಕಕ್ಕೆ ಹಿಡಿದೆ.

ಕಾರಣ ನನಗೆ ಗೊತ್ತು, ನಿಮಗೆ ಗೊತ್ತಿಲ್ಲವೇ? ನಮ್ಮ ಹೀಬ್ರೂ ಅಕ್ಷರ ಬಲದಿಂದ ಎಡಕ್ಕೆ ನಡೆಯುತ್ತದೆ, ಅಂಕಿ ಎಡದಿಂದ ಬಲಕ್ಕೆ. ಡಾಕ್ಟರು ಅಡ್ಡಗೆರೆಯ ಆಚೀಚೆ ಜಾಗ ಬಿಟ್ಟು ಟೈಪ್ ಮಾಡುತ್ತಾರೆ. ಆಗ ಕಂಪ್ಯೂಟರ್ ಮೂರನ್ನೂ ಬೇರೆ ಬೇರೆ ಎಂದು ತಿಳಿದು ನಮ್ಮ ಅಕ್ಷರದ ಹಾಗೆ ಬಲದಿಂದ ಸಾಲು ನಿಲ್ಲಿಸುತ್ತದೆ. ಮುದ್ರಿಸುವಾಗ ಈಚೆಗೆ ಬಂದ ನಿಮ್ಮ ಹೊಸ ಮುದ್ರಣ ಯಂತ್ರ ಕಾಗದ ಉಳಿಸಲು ಆ ಜಾಗವನ್ನು ನುಂಗುತ್ತದೆ. ಅಂಕಿಗಳು ಒಂದಕ್ಕೊಂದು ಅಂಟಿದ ಕೂಡಲೇ ಫೋನ್ ನಂಬರಿನ ಹಾಗೆ ಎಡದಿಂದ ನಿಲ್ಲುತ್ತವೆ. ಬೆಳಗಿನದು ಸಂಜೆಗೆ, ಸಂಜೆಯದು ಬೆಳಗಿಗೆ. ಇದನ್ನು ಒಪ್ಪಿ ಸಹಿ ಹಾಕಿದವರು ಒಂದೇ ಒಂದು ಚೀಟಿಯನ್ನಾದರೂ ಕೈಯಲ್ಲಿ ಹಿಡಿದು ಓದಿದ್ದರೇ? ಇಲ್ಲ, ‘ಮನವಿ ತಲುಪಿದೆ’ ಎಂದು ಉತ್ತರಿಸುವುದರಲ್ಲೇ ಕೈ ಸೋತಿತ್ತೇ?

ಈಗ ಅಂಗಡಿಗೆ ಬಂದವರನ್ನೆಲ್ಲ ಔಷಧಿ ಚೀಟಿ ತೋರಿಸಿ ಎಂದು ಪೀಡಿಸುತ್ತೇನೆ. ಇಂಥವೇ ಇನ್ನೂ ಮೂರು ಸಿಕ್ಕಿವೆ. ಒಂದು, ವಾದಿ ನಿಸ್ನಾಸ್ ಕೇರಿಯ ಬಸ್ ಡ್ರೈವರ್ ಹಾತೆಮ್‌ನದು. ರಾತ್ರಿ ನುಂಗಬೇಕಾದ ನಿದ್ದೆ ಮಾತ್ರೆಯನ್ನು ಬೆಳಿಗ್ಗೆ ನುಂಗುತ್ತಿದ್ದ. “ಎರಡು ದಿನದಿಂದ ಸ್ಟೇರಿಂಗ್ ಮೇಲೇ ತೂಕಡಿಕೆ ಕಣಣ್ಣ. ವಯಸ್ಸಾಯ್ತು ಅಂದ್ಕೊಂಡಿದ್ದೆ” ಎಂದ. ಕಾರ್ಮೆಲ್ ಬೆಟ್ಟದ ತಿರುವುಗಳಲ್ಲಿ ಬಸ್ ಇಳಿಸುವವನು ಅವನು. ನನ್ನ ಅಂಗಡಿಗೆ ದಿನಕ್ಕೆ ಇಪ್ಪತ್ತು ಜನ ಬರುತ್ತಾರೆ. ಬಾರದವರ ಚೀಟಿಗಳನ್ನು ಯಾರು ನೋಡುತ್ತಾರೆ? ಇವತ್ತು ಸಂಜೆ ಯಾರ ಮನೆಯಲ್ಲಿ ಯಾವ ಗಂಡ, ಹಾಡು ಹೇಳುತ್ತಾ, ಪೆನ್ನು ತಿರುಗಿಸುತ್ತಿದ್ದಾನೆ?

ನಾನು ಕೇಳುವುದು ಇಷ್ಟೇ. ಇವತ್ತೇ ಆ ಮುದ್ರಣ ನಿಲ್ಲಿಸಿ. ಹೊಸ ಯಂತ್ರ ಬಂದ ದಿನದಿಂದ ಚೀಟಿ ಪಡೆದ ಪ್ರತಿಯೊಬ್ಬರಿಗೂ ಮನುಷ್ಯರ ಕೈಲೇ ಫೋನ್ ಮಾಡಿಸಿ. ಇನ್ನು ಮೇಲೆ ಬೆಳಿಗ್ಗೆಯದು ಒಂದು ಸಾಲು, ಮಧ್ಯಾಹ್ನದ್ದು ಒಂದು ಸಾಲು, ಸಂಜೆಯದು ಒಂದು ಸಾಲು ಬರಲಿ. ಕಾಗದ ಸಾಲದಿದ್ದರೆ ಹೇಳಿ, ನನ್ನ ಸ್ಟಿಕರ್ ಹಾಳೆಗಳ ಹಿಂಬದಿ ಖಾಲಿಯೇ ಇರುತ್ತದೆ.

ಒಡೆಟ್ ಈಗ ಚೆನ್ನಾಗಿದ್ದಾಳೆ. ಬೆಳಿಗ್ಗೆ ಇಪ್ಪತ್ನಾಲ್ಕು, ಸಂಜೆ ಎಂಟು ಎಂದು ಡಾಕ್ಟರು ತಮ್ಮ ಕೈಯಾರೆ ಬರೆದುಕೊಟ್ಟ ಕಾಗದ ಫ್ರಿಜ್ಜಿನ ಮೇಲಿದೆ. ಆದರೂ ಸಂಜೆ ನಾನು ಪೆನ್ನು ಹಿಡಿದು “ಎಂಟು” ಅಂದರೆ ಅವಳು ಅಂಗಿ ಎತ್ತುವುದಿಲ್ಲ. “ಯಾವ ಕಡೆಯಿಂದ ಓದಿದೆ?” ಅನ್ನುತ್ತಾಳೆ. ಹೋಗಿ ಫ್ರಿಜ್ಜಿನ ಮುಂದೆ ನಿಂತು ಮತ್ತೊಮ್ಮೆ ಓದುತ್ತೇನೆ.

ಇಂತಿ,
ಎರಡೂ ಕಡೆಯಿಂದ ಓದಿದರೂ ಧೈರ್ಯ ಬಾರದ,
ಪ್ರೋಸ್ಪರ್ ಅಬುತ್ಬುಲ್
ಕೀಬೋರ್ಡ್ ಸ್ಟಿಕರ್ ಅಂಗಡಿ, ಹದಾರ್, ಹೈಫಾ