ಎರೆಮಣ್ಣು ಬಿಡುವ ಟೈರು

ಶಿಗ್ಗಾಂವಿ
೨೯ ಸೆಪ್ಟೆಂಬರ್, ಸೋಮವಾರ

ನನ್ನ ಅವ್ವನಿಗೆ, ನಿನ್ನ ಹಟಮಾರಿ ವಿದ್ಯಾ ಮಾಡುವ ನಮಸ್ಕಾರಗಳು.

ಫೋನು ಇರುವಾಗ ಇವಳು ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಎಲ್ಲ ಚೆನ್ನಾಗಿದೆ. ಫೋನಿನಲ್ಲಾದರೆ ನಾನು ಒಂದು ಮಾತು ಮುಗಿಸುವುದರೊಳಗೆ ನೀನು ನಾಲ್ಕು ಬೈದಿರುತ್ತೀ. ಕಾಗದವನ್ನು ಮಾತ್ರ ಪೂರಾ ಓದಿದ ಮೇಲೆಯೇ ಬೈಯಬೇಕು. ಕನ್ನಡಕ ಹಾಕಿಕೊಂಡು, ಚಹಾ ಕುಡಿಯುತ್ತ ನಿಧಾನವಾಗಿ ಓದು. ತಮ್ಮನ ಕೈಯಲ್ಲಿ ಓದಿಸಬೇಡ. ಸುದೀಪ ನಡುನಡುವೆ ನಗುತ್ತಾನೆ.

ನಿನ್ನೆ ನಾನು ಹಂಸಭಾವಿಯ ನಮ್ಮ ಹೊಲಕ್ಕೆ ಹೋಗಿ ಬಂದೆ.

ಹೌದು, ಹೊಸ ಜೀಪಿನಲ್ಲಿ. ಆಯುಧ ಪೂಜೆಯೂ ಆಗದ ಗಾಡಿಯನ್ನು ಕೆಸರಿಗೆ ಇಳಿಸಿದಳು ಎಂದು ನೀನು ಹಣೆ ಬಡಿದುಕೊಳ್ಳುವುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ಗಾಡಿ ತೆಗೆದುಕೊಳ್ಳುತ್ತೇನೆ ಎಂದ ದಿನ ನೀನು ಆಡಿದ ಮಾತು ನೆನಪಿದೆಯಲ್ಲ? “ಎರಿ ಮಣ್ಣಾಗ ಹುಗದ್ರ ಕಾಲಿದ್ದಾವ್ರು ಇಳದು ನಡಕೊಂತ ಮನಿಗೆ ಬರ್ತಾರ. ನೀ ಏನ ಮಾಡ್ತಿ?” ಅದರಿಂದ ನನಗೆ ಸಿಟ್ಟು ಬರಲಿಲ್ಲ, ಯಾಕೆಂದರೆ ನೀನು ಹೇಳಿದ್ದು ಖರೆ. ಎರಡು ವರ್ಷದವಳಿದ್ದಾಗ ಬಂದ ಜ್ವರ ನನ್ನ ಎರಡೂ ಕಾಲಿನ ಶಕ್ತಿ ಹೀರಿಕೊಂಡು ಹೋಯಿತು. ಆಫೀಸಿನ ಗಟ್ಟಿ ನೆಲದ ಮೇಲೆ ಕಂಕುಳಿಗೆ ಬಡಿಗೆ ಕೊಟ್ಟುಕೊಂಡು ನಾನು ಯಾರಿಗೂ ಕಡಿಮೆಯಿಲ್ಲದ ಹಾಗೆ ಓಡಾಡುತ್ತೇನೆ. ಹಸಿ ಎರೆಮಣ್ಣಿನಲ್ಲಿ ಆ ಬಡಿಗೆಗಳೇ ಮೊದಲು ಹುಗಿಯುತ್ತವೆ. ಆದ್ದರಿಂದ ಗಾಡಿ ಕೊಳ್ಳುವುದು ಸುಲಭವಾಯಿತು, ಟೈರು ಆರಿಸುವುದರಲ್ಲಿ ನನ್ನ ನಿದ್ದೆ ಹೋಯಿತು. ತಪ್ಪು ಟೈರು ಹಾಕಿದರೆ ನಾನು ಹೊಲದಲ್ಲೇ ಉಳಿಯಬೇಕು.

ಮೊದಲು ಹುಬ್ಬಳ್ಳಿಯ ಒಂದು ದೊಡ್ಡ ಅಂಗಡಿಗೆ ಹೋದೆ. ಅಲ್ಲಿಯವನು ಗಾಡಿಯ ನೆತ್ತಿಯ ಮೇಲೆ ಕೂರಿಸುವ ಉದ್ದನೆಯ ದೀಪದ ಸಾಲು ತೋರಿಸಿದ. ಎಂಜಿನ್ನಿಗೆ ಆನೆ ಸೊಂಡಿಲಿನಂಥ ಗಾಳಿಕೊಳವೆ ತೋರಿಸಿದ, ಎದೆಮಟ್ಟ ನೀರಿನಲ್ಲೂ ಗಾಡಿ ಉಸಿರಾಡುತ್ತದಂತೆ. ಬಾಗಿಲಿಗೆ ಹುಲಿಯ ಸ್ಟಿಕ್ಕರು. ಕೊನೆಗೆ ಮಡ್‌ಗಾರ್ಡಿನಿಂದ ಗೇಣುದ್ದ ಹೊರಗೆ ಚಾಚುವ ಅಗಲವಾದ ಟೈರುಗಳನ್ನು ಉರುಳಿಸಿಕೊಂಡು ಬಂದು, “ರೋಡಿನ್ಯಾಗ ಎಲ್ಲಾರೂ ಹೊಳ್ಳಿ ನೋಡಬೇಕ್ರಿ ಮೇಡಮ್” ಎಂದ. ಬುದ್ಧಿ ತಿಳಿದಾಗಿನಿಂದ ಜನ ನನ್ನನ್ನು ಹೊಳ್ಳಿ ನೋಡುತ್ತಲೇ ಇದ್ದಾರೆ. ಅದಕ್ಕೆ ಮತ್ತೆ ರೊಕ್ಕ ಯಾಕೆ ಸುರಿಯಬೇಕು ಎಂದು ನಕ್ಕು ಎದ್ದು ಬಂದೆ.

ಅಲ್ಲಿಂದ ಸವಣೂರಿಗೆ, ಗುಲ್ನಾರಳ ಹತ್ತಿರ. ಕಾಲೇಜಿನಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದವಳು, ನಿನ್ನ ಬದನೆಕಾಯಿ ಎಣ್ಣಗಾಯಿಗೆ ಪ್ರಾಣ ಬಿಡುವವಳು. ಅವರಪ್ಪನ ಟೈರಿನ ಅಂಗಡಿಯಲ್ಲಿ ಈಗ ಅವಳದೇ ಕಾರುಬಾರು. ನಾನು ಟೈರಿನ ಹೆಸರು, ಅಳತೆ ಎಲ್ಲ ಓದಿಕೊಂಡು ಹೋಗಿದ್ದೆ. ಅವಳು ಒಂದನ್ನೂ ಕೇಳಿಸಿಕೊಳ್ಳಲಿಲ್ಲ. “ಮದ್ಲ ನಿಮ್ಮ ಹೊಲದ ಮಣ್ಣ ತರಸವಾ. ಟೈರ್ ಮಾತು ಆಮ್ಯಾಲ” ಎಂದಳು. ಸುದೀಪ ಕಳೆದ ತಿಂಗಳು ಹೊಲಕ್ಕೆ ಹೋದಾಗ ಕ್ಯಾರಿಬ್ಯಾಗಿನಲ್ಲಿ ಮಣ್ಣು ತುಂಬಿಕೊಂಡು ಬಂದನಲ್ಲ, ಯಾವುದೋ ಪರೀಕ್ಷೆಗೆ ಎಂದು ನಿನಗೆ ಹೇಳಿದನಲ್ಲ, ಅದು ಈ ಪರೀಕ್ಷೆ.

ಗುಲ್ನಾರ ಆ ಮಣ್ಣಿಗೆ ನೀರು ಚಿಮುಕಿಸಿ ರೊಟ್ಟಿ ಹಿಟ್ಟಿನ ಹಾಗೆ ನಾದಿದಳು. ಒಂದೊಂದು ಟೈರಿನ ಗೀರಿಗೂ ಹೆಬ್ಬೆರಳಿನಿಂದ ಒತ್ತಿ ತುಂಬಿ, ನೆಲಕ್ಕೆ ಕುಕ್ಕಿ ನೋಡಿದಳು. ರಸ್ತೆಯ ಟೈರಿನಲ್ಲಿ ಮಣ್ಣು ಗೀರು ಮುಚ್ಚಿ ನುಣ್ಣಗೆ ಕೂತುಬಿಟ್ಟಿತು. ಹುಬ್ಬಳ್ಳಿಯವನು ತೋರಿಸಿದಂಥ ಅಗಲದ್ದರಲ್ಲಿ ಇನ್ನೂ ಹೆಚ್ಚು ಮಣ್ಣು ಮೆತ್ತಿಕೊಂಡಿತು. ಕೊನೆಗೆ ನೋಡಲು ಸಪೂರವಾದ ಒಂದು ಟೈರು ತಂದಳು. ದಪ್ಪ ದಪ್ಪ ಗಡ್ಡೆಗಳು, ನಡುನಡುವೆ ಎರಡು ಬೆರಳು ತೂರುವಷ್ಟು ಸಂದು. ಕುಕ್ಕಿದ್ದೇ ತಡ, ಮಣ್ಣೆಲ್ಲ ಹೆಂಟೆ ಹೆಂಟೆಯಾಗಿ ಉದುರಿತು. “ಮಣ್ಣ ಹಿಡ್ಯೂದು ಎಲ್ಲಾ ಟೈರಿಗೂ ಬರತೈತಿ. ಬಿಡಾಕ ಬರಬೇಕು. ಬಿಟ್ಟರ ಮುಂದಿನ ಸುತ್ತಿಗೆ ಮತ್ತ ಹಿಡೀತೈತಿ” ಎಂದಳು. ಟಾರಿನ ರಸ್ತೆಯಲ್ಲಿ ಅದು ಗುಂಯ್ ಎಂದು ಸದ್ದು ಮಾಡುತ್ತದೆ, ಮಾಡಲಿ ಬಿಡು.

ಮಣ್ಣು ಒತ್ತಲು ನನಗೂ ಒಂದು ಮುದ್ದೆ ಕೊಟ್ಟಿದ್ದಳು. ಕೈ ತೊಳೆದ ಮೇಲೂ ಉಗುರಿನ ಸಂದಿಯಲ್ಲಿ ಕರಿ ಉಳಿದಿತ್ತು. ಆ ಹೊಲದ ಜೋಳ ತಿಂದು ಬೆಳೆದವಳು ನಾನು. ಅದರ ಮಣ್ಣು ಮುಟ್ಟಿದ್ದು ಅವತ್ತೇ ಮೊದಲು ಅವ್ವಾ. ಗುಲ್ನಾರ ಬಿಲ್ಲು ಬರೆಯುತ್ತಿದ್ದಳು, ನಾನು ನನ್ನ ಉಗುರು ನೋಡುತ್ತ ಕೂತಿದ್ದೆ.

ಬ್ರೇಕು ಮತ್ತು ಎಕ್ಸಲರೇಟರಿಗೆ ಕೈಯಿಂದ ಒತ್ತುವ ಹಿಡಿಕೆಯನ್ನು ಮೊದಲೇ ಕೂರಿಸಿ, ಗಾಡಿಯ ಆರ್‌ಸಿ ಪುಸ್ತಕದಲ್ಲಿ ನಮೂದು ಮಾಡಿಸಿಯಾಗಿತ್ತು. ಗುಲ್ನಾರ ಮತ್ತೆ ಹಾಕಿಸಿದ್ದು ಸ್ವಲ್ಪವೇ. ಹತ್ತಲು ಒಂದು ಮೆಟ್ಟಿಲು, ಒಳಗೆ ಜೋತುಬೀಳಲು ಗಟ್ಟಿ ಹಿಡಿ, ಹುಗಿದ ಗಾಲಿಯ ಅಡಿಗೆ ತೂರಿಸುವ ಎರಡು ಹಲಗೆ. ಕೊನೆಗೆ ಒಳಗೆ ಹೋಗಿ ಹಳೆಯ ಟೈರು ಕತ್ತರಿಸಿ, ನನ್ನ ಬಡಿಗೆಗಳ ತುದಿಗೆ ತಟ್ಟೆಯಷ್ಟು ಅಗಲದ ಎರಡು ಪಾದ ಮಾಡಿ ಕೊಟ್ಟಳು. ಜೀಪಿಗೆ ಸಪೂರ ಟೈರು, ನನಗೆ ಅಗಲದ ಟೈರು ಎಂದು ತಾನೇ ನಕ್ಕಳು.

ಈಗ ಹೊಲದ ಮಾತು.

ನಾನು ಸಣ್ಣವಳಿದ್ದಾಗ ಒಮ್ಮೆ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಹಳ್ಳ ದಾಟುವಾಗ ಕೆಸರಿನಲ್ಲಿ ಜಾರಿ ಬಿದ್ದು, ನನ್ನ ತೊಡೆಯ ಎಲುಬು ಮುರಿಯಿತು. ಹೊಲದ ತನಕ ಹೋಗಲೇ ಇಲ್ಲ. ಇನ್ನು ಇವಳನ್ನು ಹೊಲಕ್ಕೆ ಕರೆದೊಯ್ಯುವುದು ಬೇಡ ಎಂದು ಅವತ್ತೇ ನೀನು ಕಡ್ಡಿ ಮುರಿದ ಹಾಗೆ ಹೇಳಿದೆ. ಸೀಗಿ ಹುಣ್ಣಿಮೆಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು, ಭೂಮಿತಾಯಿಗೆ ಎಡೆಯಾಗಿ ಹೊಲದ ತುಂಬ ಚರಗ ಚೆಲ್ಲಲು ಹೋದರೆ ನಾನು ಅಜ್ಜಿಯ ಜೊತೆ ಮನೆಯಲ್ಲಿ. ಸಂಜೆ ನೀನು ಬಂದ ಕೂಡಲೇ ಹೊಲ ಹೇಗಿದೆ, ಏನೇನಿದೆ ಎಂದು ಸೆರಗು ಹಿಡಿದು ಕೇಳುತ್ತಿದ್ದೆ. “ಏನೈತಿ ಅಲ್ಲಿ? ಬರೇ ಮಣ್ಣ” ಎನ್ನುತ್ತಿದ್ದೆ ನೀನು. ನಾನು ಅದನ್ನು ಪೂರಾ ನಂಬಿದ್ದೆ. ಬರಿಯ ಮಣ್ಣು ನೋಡದೆ ಹೋದರೆ ಏನು ನಷ್ಟ ಎಂದು ಹಾಯಾಗಿ ನಿದ್ದೆ ಮಾಡುತ್ತಿದ್ದೆ.

ನಿನ್ನೆ ಹಳ್ಳದ ತನಕ ಗಾಡಿ ಸಲೀಸಾಗಿ ಬಂತು. ಹಳ್ಳದಲ್ಲಿ ನೀರು ಕಡಿಮೆ, ಆಚೆಯ ದಂಡೆಯ ಏರು ಮಾತ್ರ ಬೆಣ್ಣೆಯ ಹಾಗಿತ್ತು. ನಡುವೆ ಹಿಂದಿನ ಗಾಲಿ ಒಂದು ಕ್ಷಣ ಸುಮ್ಮನೆ ತಿರುಗಿತು. ನಿನ್ನ ಮಾತೇ ಕಿವಿಯಲ್ಲಿ ಕೇಳಿತು, ಹಿಡಿಕೆಯನ್ನು ಮೆಲ್ಲಗೆ ಒತ್ತಿದೆ. ಆಮೇಲೆ ಎರಡೂ ಕಡೆಯಿಂದ ಮಣ್ಣಿನ ಹೆಂಟೆಗಳು ಹಾರಿ ಗಾಜಿಗೆ ಬಡಿದವು, ಟೈರು ನೆಲ ಕಚ್ಚಿತು, ಗಾಡಿ ಏರಿ ನಿಂತಿತು. ಎಂಜಿನ್ ನಿಲ್ಲಿಸಿ ತಲೆ ಎತ್ತಿದೆ.

ಅವ್ವಾ, ಏನು ಕಂಡೆ ಗೊತ್ತೇನು?

ಹತ್ತಿ ಹೂಬಿಟ್ಟಿದೆ, ಹಳದಿಯದು ಒಂದು ಕಡೆ, ಬಾಡಿ ಗುಲಾಬಿಯಾದದ್ದು ಒಂದು ಕಡೆ. ಬದುವಿನ ಮೇಲೆ ಬನ್ನಿ ಗಿಡ. ಅದರಾಚೆ ನೆಲ ಇಳಿದು ಇಳಿದು ಕೆರೆ. ಅಷ್ಟು ದೊಡ್ಡ ಕೆರೆ ನಮ್ಮ ಹೊಲದ ಅಂಚಿನಲ್ಲಿದೆ ಎಂದು ನನಗೆ ಒಬ್ಬರೂ ಹೇಳಿರಲಿಲ್ಲ. ಈ ವರ್ಷದ ಮಳೆಗೆ ತುಂಬಿ, ಆಚೆಯ ದಂಡೆಯೇ ಕಾಣದ ಹಾಗೆ ಬಿಸಿಲಿನಲ್ಲಿ ಹೊಳೆಯುತ್ತಿತ್ತು. ಬೆಳ್ಳಕ್ಕಿಗಳ ಒಂದು ಹಿಂಡು ಎದ್ದು, ಒಂದು ಸುತ್ತು ಹಾಕಿ, ಮತ್ತೆ ಅಲ್ಲೇ ಇಳಿಯಿತು. ಆಕಾಶ ಅಷ್ಟು ಅಗಲ ಇರುತ್ತದೆ ಎಂದು ಶಿಗ್ಗಾಂವಿಯ ಕಿಟಕಿಯಿಂದ ಗೊತ್ತಾಗುವುದಿಲ್ಲ. ಮೆಟ್ಟಿಲ ಮೇಲೆ ಬಡಿಗೆ ಊರಿ, ಹಿಡಿಗೆ ಜೋತುಬಿದ್ದು ಇಳಿದೆ. ಟೈರಿನ ಪಾದಗಳು ಹುಗಿಯಲಿಲ್ಲ. ನಮ್ಮ ಮಣ್ಣಿನ ಮೇಲೆ ನಿಂತೆ. ಅಳು ಬಂತು, ಅದನ್ನು ಮುಚ್ಚಿಡುವುದಿಲ್ಲ.

ಗಾಡಿಯ ಸದ್ದು ಕೇಳಿ, ನಮ್ಮ ಹೊಲವನ್ನು ಪಾಲಿಗೆ ಮಾಡುವ ಗಿರಿಯಪ್ಪ ಬದುವಿನ ಮೇಲೆ ಬಂದ. “ನೀ ವೀರವ್ವಕ್ಕನ ಮಗಳಲ್ಲೇನವಾ?” ಎಂದು ಕೇಳಿ, ಬನ್ನಿ ಗಿಡದ ನೆರಳಿನಲ್ಲಿ ಟವೆಲ್ಲು ಹಾಸಿ ಕೂರಿಸಿದ. ಇಂಥ ಕೆರೆಯನ್ನು ಅವ್ವ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. ಅವನು ಹೇಳಿದ: “ಸೀಗಿ ಹುಣ್ಣಿವಿಗೆ ಇಲ್ಲೇ ಉಣ್ಣಾಕ ಕುಂದರತಿದ್ವಿ. ಎಲ್ಲಾರೂ ಕೆರಿ ಕಡೆ ಮಾರಿ ಮಾಡಿ ಕುಂತ್ರ, ನಿಮ್ಮವ್ವ ಒಬ್ಬಾಕಿ ಕೆರಿಗೆ ಬೆನ್ನ ಮಾಡಿ, ಗಿಡದ ಬಡ್ಡಿ ನೋಡಕೊಂತ ಉಣತಿದ್ಲು. ಒಮ್ಮೆ ಕೇಳಿದ್ನಿ, ಯಾಕಬೇ ಅಕ್ಕಾ, ಅಂತ. ‘ನೋಡಿ ಹೋದ್ರ ಮನ್ಯಾಗ ಮಗಳು ಕೇಳ್ತಾಳ ಗಿರಿಯಪ್ಪ, ನನಗ ಸುಳ್ಳ ಹೇಳಾಕ ಬರಂಗಿಲ್ಲ’ ಅಂದ್ಲು.”

ಇಷ್ಟು ಹೇಳಿ ಎಮ್ಮೆಗಳು ಕೆರೆಗೆ ಇಳಿದವೆಂದು ಅವನು ಎದ್ದು ಹೋದ.

ಅವ್ವಾ, ನೀನು ನನ್ನನ್ನು ಸೊಂಟದ ಮೇಲೆ ಹೊತ್ತು ಸಾಲೆಗೆ ಬಿಟ್ಟು ಬರುತ್ತಿದ್ದದ್ದು ಊರಿಗೆಲ್ಲ ಗೊತ್ತು. ಅದನ್ನು ಜನ ನನ್ನ ಮುಂದೆ ಹೊಗಳಿದ್ದಾರೆ, ನಾನೂ ತಲೆಯಾಡಿಸಿದ್ದೇನೆ. ಇದನ್ನು ನೀನು ಯಾರಿಗೂ ಹೇಳಲಿಲ್ಲ. ವರ್ಷಕ್ಕೊಂದು ಹಬ್ಬ, ಬೆನ್ನ ಹಿಂದೆಯೇ ಅಂಥ ಕೆರೆ, ತಿರುಗಿದರೆ ಸಾಕು. ನೀನು ತಿರುಗಲಿಲ್ಲ. ಎಂಥ ಹೆಂಗಸಿನ ಹೊಟ್ಟೆಯಲ್ಲಿ ಹುಟ್ಟಿದ್ದೇನೆ ಎಂದು ನನಗೆ ನಿನ್ನೆಯ ತನಕ ತಿಳಿದಿರಲಿಲ್ಲ. ನಿನ್ನ ಕಾಲು ಹಿಡಿಯಬೇಕು ಅನ್ನಿಸಿತು, ಹಿಡಿದಿದ್ದರೆ ನೀನೇ ನನ್ನನ್ನು ಒದೆಯುತ್ತಿದ್ದೆ.

ಸೀಗಿ ಹುಣ್ಣಿಮೆಗೆ ಇನ್ನು ಒಂದು ವಾರವಿದೆ. ಮೊಣಕಾಲು ನೋವು, ವಯಸ್ಸಾಯಿತು ಎಂಬ ನೆಪ ಬೇಡ. ಗಾಡಿ ಗಿಡದ ಬುಡದ ತನಕ ಹೋಗುತ್ತದೆ. ಬೆಳಿಗ್ಗೆ ಹಾನಗಲ್ಲಿಗೆ ಬಂದು ಹಾರ್ನ್ ಹಾಕುತ್ತೇನೆ. ಎಣ್ಣಗಾಯಿ ಹೆಚ್ಚಿಗೆ ಮಾಡು, ಗುಲ್ನಾರಳೂ ಬರುತ್ತಾಳೆ. ಈ ಸಲ ಎಲ್ಲಿ ಕೂರಬೇಕೆಂದು ನಾನು ಹೇಳುತ್ತೇನೆ, ನೀನು ಕೂರಬೇಕು. ಕೆರೆ ನೋಡಿಕೊಂಡು ಉಣ್ಣಬೇಕು, ನನಗೆ ಕೇಳುವಂತೆ ಏನೇನಿದೆ ಎಂದು ಹೇಳಬೇಕು.

ನಿನ್ನ
ವಿದ್ಯಾ

ಮರೆತ ಮಾತು: ಜೊತೆಗೆ ಯಾರಿದ್ದರು ಎಂದು ನೀನು ಕೇಳಿಯೇ ಕೇಳುತ್ತೀ. ಒಬ್ಬಳೇ ಹೋಗುವುದಿಲ್ಲ ಎಂದು ನಿನಗೆ ಮಾತು ಕೊಟ್ಟಿದ್ದೆ. ಗುಲ್ನಾರ ಜೊತೆಗೆ ಬರುತ್ತೇನೆ ಎಂದಿದ್ದದ್ದು ಇವತ್ತಿಗೆ, ನಾನು ಬೇಕೆಂತಲೇ ಒಂದು ದಿನ ಮೊದಲು, ನಿನ್ನೆಯೇ ಹೋದೆ. ಹಾನಗಲ್ಲಿನಲ್ಲಿ ನಿಮ್ಮ ಓಣಿಯ ಬಾಯಿಗೆ ಗಾಡಿ ನಿಧಾನ ಮಾಡಿ, ನಿಲ್ಲಿಸದೆ ಮುಂದೆ ಬಂದೆ. ಗಿರಿಯಪ್ಪ ಹೋದ ಮೇಲೆ ಅಲ್ಲಿ ಕೂಗಿದರೆ ಕೇಳುವಷ್ಟು ದೂರದಲ್ಲಿ ಯಾರೂ ಇರಲಿಲ್ಲ, ಫೋನಿಗೆ ಸಿಗ್ನಲ್ಲೂ ಇರಲಿಲ್ಲ. ಹುಟ್ಟಿದಾಗಿನಿಂದ ಹಾಗೆ ಒಬ್ಬಳೇ ನಾನು ಎಲ್ಲಿಯೂ ಇದ್ದವಳಲ್ಲ. ಹೆದರಿಕೆಯಾಗುತ್ತದೆ ಎಂದುಕೊಂಡಿದ್ದೆ, ಹಸಿವಾಯಿತು. ಬುತ್ತಿ ಬಿಚ್ಚಿ ಹೊಟ್ಟೆ ತುಂಬ ಉಂಡೆ.