ಒಂದು ಕಿಟಕಿ, ಎರಡು ಅಡುಗೆಮನೆ

ತಾರೀಕು ೯, ಗುರುವಾರ
ಧೂಳಿನ ಮಧ್ಯದಿಂದ

ನನ್ನ ಮುದ್ದು ಗುಬ್ಬೀ,

ಹೇಗಿದೀಯೇ? ಮಗಳ ಮನೆಯಲ್ಲಾದರೂ ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದೀಯಾ, ಇಲ್ಲಾ ಅಲ್ಲೂ ಎಲ್ಲರದ್ದೂ ಆದಮೇಲೆ ಪಾತ್ರೆ ತಳ ಕೆರೆದು ತಿನ್ನೋ ಚಾಳಿನೇನಾ? ಕಾಗದ ತಡ ಆಯ್ತು, ಬೈಕೋಬೇಡ. ಫೋನ್ ಮಾಡಿದಾಗೆಲ್ಲ ನಿನ್ನ ಮಗಳೇ ತೆಗೀತಾಳೆ. "ಅಮ್ಮ ಮಲಗಿದಾರೆ ದೊಡ್ಡಮ್ಮ", "ಅಮ್ಮ ಸ್ನಾನಕ್ಕೆ ಹೋಗಿದಾರೆ ದೊಡ್ಡಮ್ಮ". ಏನೇ ಇದು, ಮೂರು ಹೊತ್ತೂ ನಿದ್ದೆ, ಸ್ನಾನ, ರಾಣಿ ವೈಭೋಗ! ಇವಳು ಫೋನಿಗೆ ಸಿಗೋಳಲ್ಲ ಅಂತ ಪೆನ್ನು ಹಿಡಿದೆ. ಕೂತು ಬರೆಯೋಣ ಅಂದ್ರೆ ಕುರ್ಚಿ ಮೇಲೆ ಸಿಮೆಂಟು, ಮಂಚದ ಮೇಲೆ ಸಾಮಾನು. ಅಕ್ಕಿ ಡಬ್ಬದ ಮೇಲೆ ಕೂತು ಬರೀತಿದೀನಿ.

ಮನೆ ಕಟ್ಟಿ ನೋಡು ಅಂದ ಮಹಾನುಭಾವರು ರಿಪೇರಿ ಮಾಡಿಸಿ ನೋಡು ಅಂತ ಯಾಕೆ ಹೇಳಲಿಲ್ಲವೋ. ಕಟ್ಟೋದಾದ್ರೆ ಏನೂ ಇಲ್ಲದ ಕಡೆ ಏನೋ ಬರುತ್ತೆ. ಇಲ್ಲಿ ಇರೋದೇ ದಿನಾ ಸ್ವಲ್ಪ ಸ್ವಲ್ಪ ಹೋಗ್ತಿದೆ. ಛಾವಣಿ ಸೋರೋದು ನಿಲ್ಲಿಸೋಕೆ ಬಂದ ಗಾರೆ ಮೇಸ್ತ್ರಿ ಪೈಪು ಒಡೆದ. ಪೈಪಿನವನು ಬಂದು ನೆಲ ಅಗೆದ. ನೆಲದವನು ಬಂದು "ಯಾರಮ್ಮ ಹೀಗೆ ಅಗೆದದ್ದು" ಅಂತ ನನ್ನನ್ನೇ ಬೈದ. ಸಾಕಾಗಿ ಹೋಗಿದೆ ಕಣೇ. ಬೆಳಿಗ್ಗೆ ಎದ್ದರೆ ಕಸಬರಿಗೆ, ರಾತ್ರಿ ಮಲಗೋವರೆಗೂ ಕಸಬರಿಗೆ. ಸೊಂಟ ನಂದಾ ಪಕ್ಕದ ಮನೆಯವರದಾ ಅಂತ ಗೊತ್ತಾಗ್ತಿಲ್ಲ.

ನಮ್ಮ ಯಜಮಾನರ ವಿಷಯ ಕೇಳಬೇಡ. ಮಂಡಿ ನೋವು, ಆದ್ರೂ ಕೆಲಸದವರ ಹಿಂದೆ ಹಿಂದೆ ಸುತ್ತುತ್ತಾರೆ. ಸುತ್ತಿ ಬಂದು ಕೂತು "ಮಾರಿಬಿಡೋಣ" ಅಂತಾರೆ. ನಾನು "ಬಾಡಿಗೆಗೆ ಕೊಡೋಣ" ಅಂತೀನಿ. ಅವರು ಎದ್ದು ಮತ್ತೆ ಸುತ್ತೋಕೆ ಹೋಗ್ತಾರೆ.

ಈಗ ಎಲ್ಲಾ ಬಂದು ನಿಂತಿರೋದು ಆ ಕಿಟಕಿ ಹತ್ರ. ನಮ್ಮ ಗಂಡಂದಿರು ಅನ್ನೋ ಈ ಅಣ್ಣತಮ್ಮಂದಿರ ಬುದ್ಧಿ ನೋಡು. ಸೈಕಲ್ ಅಂಗಡಿ ಬೀಗದ ಕೈ ಯಾರ ಹತ್ರ ಇರಬೇಕು ಅಂತ ಶುರುವಾದ ಜಗಳ, ನಡುಮನೆಗೆ ಗೋಡೆ ಎಬ್ಬಿಸೋವರೆಗೂ ಬಂತು. ನಿನ್ನ ಮಗಳ ಮದುವೆಯಾದ ಮರುವರ್ಷ ಅಲ್ವಾ? ಟೇಪು ಹಿಡಿದು ಇಬ್ಬರೂ ಸರಿಯಾಗಿ ಅರ್ಧ ಅಳೆದರು. ಅರ್ಧ ಬಂದದ್ದು ಅಡುಗೆಮನೆ ಕಿಟಕಿಯ ನಟ್ಟನಡುವೆ! ಒಂದು ಗೇಣು ಆಚೆ ಸರಿಸಿ ಅಂದ್ರೆ ಇವರು ಒಪ್ಪಲಿಲ್ಲ, ಈಚೆ ಸರಿಸಿ ಅಂದ್ರೆ ನಿನ್ನ ಗಂಡ ಒಪ್ಪಲಿಲ್ಲ. ಒಂದು ಬಾಗಿಲು ನನಗೆ, ಒಂದು ಬಾಗಿಲು ನಿನಗೆ ಅಂತ ಕಿಟಕಿ ಮಧ್ಯಕ್ಕೇ ಇಟ್ಟಿಗೆ ಇಟ್ಟರಲ್ಲ, ಪ್ರಪಂಚದಲ್ಲಿ ಇನ್ಯಾರಾದ್ರೂ ಮಾಡ್ತಾರಾ ಹೀಗೆ?

ನಿಜ ಹೇಳಲಾ? ಒಂದೇ ಅಡುಗೆಮನೆಯಲ್ಲಿ ಇರೋವಾಗ ನನಗೆ ನಿನ್ನ ಕಂಡ್ರೆ ಆಗ್ತಿರಲಿಲ್ಲ. ನಿನಗೂ ಅಷ್ಟೇ ಅಂತ ಗೊತ್ತು, ಸುಮ್ನಿರು. ಸೌಟು ಎಲ್ಲಿಟ್ಟೆ ಅಂತ ನಾನು, ಉಪ್ಪು ಜಾಸ್ತಿ ಅಂತ ನೀನು. ಓರಗಿತ್ತಿಯರು ಒಂದು ಒಲೆ ಹತ್ರ ಇರಬಾರದು ಅಂತ ಹಿರಿಯರು ಸುಮ್ಮನೆ ಹೇಳ್ತಾರಾ. ಗೋಡೆ ಎದ್ದಮೇಲೆ ತಾನೇ ನಮಗೆ ಬುದ್ಧಿ ಬಂದದ್ದು? ಗಂಡಸರು ಅಂಗಡಿಗೆ ಹೋಗೋದೇ ತಡ, ನೀನು ನಿನ್ನ ಬಾಗಿಲು ತೆಗೀತಿದ್ದೆ, ನಾನು ನಂದು. ಸರಳಿನ ಸಂದಿಯಿಂದ ಕೈ ಹೊರಗೆ ಹಾಕಿ ಪಕ್ಕಕ್ಕೆ ಚಾಚಿದ್ರೆ ನಿನ್ನ ಕೈ ಸಿಗ್ತಿತ್ತು. ಮುಖ ಕಾಣ್ತಿರಲಿಲ್ಲ, ಕೈ ಮಾತ್ರ. ಹೆಪ್ಪಿಗೆ ಮೊಸರು, ಕಾಫಿಪುಡಿ, ತಲೆನೋವಿನ ಮಾತ್ರೆ, ಏನೇನು ದಾಟಲಿಲ್ಲ ಅಲ್ಲಿ! ನನ್ನ ಗರ್ಭಕೋಶ ತೆಗೀಬೇಕು ಅಂತ ಡಾಕ್ಟರು ಹೇಳಿದ ದಿನ ನೀನು ಒಲೆ ಆರಿಸಿ ಬಂದು ಸುಮ್ಮನೆ ನನ್ನ ಕೈ ಹಿಡ್ಕೊಂಡು ನಿಂತಿದ್ದೆ. ಅದನ್ನ ನಾನು ಯಾರ ಹತ್ರಾನೂ ಹೇಳಿಲ್ಲ, ಯಾಕಂದ್ರೆ ಹೇಳೋಕೆ ನೀನು ಬಿಟ್ರೆ ಯಾರಿದ್ರು?

ಸಂಜೆ ಗಂಡಸರು ಬರೋ ಹೊತ್ತಿಗೆ ಎರಡು ಬಾಗಿಲೂ ಬಂದ್. ಬೀದಿಯಲ್ಲಿ ಎದುರಾದ್ರೆ ಮುಖ ತಿರುಗಿಸಿಕೊಂಡು ಹೋಗ್ತಿದ್ವಿ. ಎಂಥಾ ನಾಟಕ! ನಿನ್ನ ಗಂಡ ಹೋದ ದಿನ ನಾನು ನಿನ್ನ ತಬ್ಬಿ ಅತ್ತರೂ ಯಾರಿಗೂ ಅನುಮಾನ ಬರಲಿಲ್ಲ, ಸತ್ತ ಮನೆಯಲ್ಲಿ ಎಲ್ಲರೂ ಅಳ್ತಾರಲ್ಲ. ತಿಥಿ ಮುಗಿದ ವಾರವೇ ನಿನ್ನ ಮಗಳು ಬಂದು ನಿನ್ನ ಕರ್ಕೊಂಡು ಹೊರಟಳು. ಕಾರು ಹತ್ತೋವಾಗಲೂ ನಾವು ಪರಕೀಯರ ಥರಾನೇ ನಿಂತಿದ್ವಿ.

ಈಗ ಮೇಸ್ತ್ರಿ ಹೇಳ್ತಾನೆ, ಆ ಕಿಟಕಿ ಚೌಕಟ್ಟಿಗೆ ಗೆದ್ದಲು ಹಿಡಿದು ಒಳಗೆಲ್ಲ ಪುಡಿಯಾಗಿದೆ, ಅದರ ಮೇಲಿನ ಗೋಡೆ ಯಾವತ್ತು ಬೇಕಾದ್ರೂ ಕೂರುತ್ತೆ ಅಂತ. "ಗೋಡೆ ತೆಗೀಲಾ, ಇಲ್ಲಾ ಕಿಟಕಿ ಮುಚ್ಚಿ ಗೋಡೆ ಉಳಿಸಲಾ? ಬೇಗ ಹೇಳಿ, ನನಗೆ ಬೇರೆ ಕಡೆ ಕೆಲಸ ಇದೆ" ಅಂತ ದಿನಾ ತಗಾದೆ. ಬ್ರೋಕರ್ ಒಬ್ಬ ಗಿರಾಕಿ ತಂದಿದಾನೆ, ಔಷಧಿ ಅಂಗಡಿಯವರು. ಅವರಿಗೆ ಇಡೀ ಮನೆ ಬೇಕಂತೆ, ಕೆಳಗೆ ಗೋಡೌನು, ಮೇಲೆ ಆಫೀಸು. "ಹೀಗೆ ಸೀಳಿದ ಮನೆಯಲ್ಲಿ ಮನುಷ್ಯರು ಹೇಗಿದ್ರಿ?" ಅಂತ ಕೇಳಿದ್ರು. ನಮ್ಮವರು ಗೋಡೆ ನೋಡ್ತಾ ನಿಂತರು.

ಆ ರಾತ್ರಿ ಊಟಕ್ಕೆ ಕೂತಾಗ ನನ್ನ ಮನಸ್ಸಲ್ಲಿದ್ದದ್ದು ಹೇಳಿಬಿಟ್ಟೆ. ಗೋಡೆ ತೆಗೆಸೋಣ. ಮುಂದಿನ ರೂಮುಗಳನ್ನ ಬಾಡಿಗೆಗೆ ಕೊಡೋಣ. ಹಿಂದಿನ ಭಾಗದಲ್ಲಿ ನಾವಿಬ್ಬರು, ಜೊತೆಗೆ ನೀನು. ಇವರು ತುತ್ತು ಕೆಳಗಿಟ್ಟು ನನ್ನ ಮುಖ ನೋಡಿದ್ರು. "ಅವಳು ಬರ್ತಾಳಾ? ನಿನಗೂ ಅವಳಿಗೂ ಎಣ್ಣೆ ಸೀಗೆಕಾಯಿ!" ಅಂದ್ರು. ನನಗೆ ನಗು ಬಂತು, ಆಮೇಲೆ ಅಳು ಬಂತು. ಎದ್ದು ಕೈ ತೊಳೆಯೋಕೆ ಹೋದೆ. ಬೆಳಿಗ್ಗೆ ಅವರೇ ಹೇಳಿದ್ರು: "ಅರ್ಧ ಮನೆ ಅವಳದ್ದು. ಅವಳು ಬರ್ತೀನಿ ಅಂದ್ರೆ ಬಾಡಿಗೆ. ಒಲ್ಲೆ ಅಂದ್ರೆ ಮಾರಾಟ. ಅವಳ ಬಾಯಿಂದ ಒಂದು ಮಾತು ಬರಲಿ, ಭಾನುವಾರದೊಳಗೆ." ಅವರ ಬಾಯಲ್ಲಿ ಇಷ್ಟು ಬಂದದ್ದೇ ದೊಡ್ಡದು ಕಣೇ. ವಯಸ್ಸಾಯ್ತು, ಹಟ ಹಿಡಿಯೋಕೂ ಶಕ್ತಿ ಬೇಕು.

ಆದ್ದರಿಂದ ಗುಬ್ಬೀ, ಬಾ. ನನಗೆ ಯಾರಿಗೂ ಏನೂ ವಿವರಿಸಿ ಹೇಳೋ ತ್ರಾಣ ಇಲ್ಲ ಈಗ. ವಿವರಿಸದೇನೇ ಅರ್ಥ ಆಗೋರು ಒಬ್ಬರು ಮನೆಯಲ್ಲಿರಬೇಕು ಅನಿಸುತ್ತೆ. ಒಲೆ ಬೇಕಾದ್ರೆ ಬೇರೆ ಬೇರೆ ಇಟ್ಕೊಳ್ಳೋಣ, ಉಪ್ಪಿಗೆ ಮತ್ತೆ ಜಗಳ ಆಗೋದು ಬೇಡ. ಬರ್ತೀನಿ ಅಂತ ಒಂದು ಮಾತು ಹೇಳು, ಸಾಕು. ಕಾಗದ ಭಾನುವಾರದೊಳಗೆ ಮುಟ್ಟದಿದ್ರೆ ಅಂತ ನಿನ್ನ ಮಗಳಿಗೂ ಫೋನಲ್ಲಿ ಹೇಳಿಟ್ಟಿದೀನಿ, ಅಮ್ಮನ್ನ ಕೇಳಿ ತಿಳಿಸು ಅಂತ. ನಿನ್ನ ಅಳಿಯನಿಗೆ ಆಶೀರ್ವಾದ, ಮಗಳಿಗೆ ನನ್ನ ಅಕ್ಕರೆ. ನೀನು ತಣ್ಣಗಿರು, ನೂರು ಕಾಲ ಚೆನ್ನಾಗಿರು.

ಇಂತಿ
ನಿನ್ನ ಅಕ್ಕ

ಮರೆತ ಮಾತು: ಕಾಗದ ಮಡಿಸಿಟ್ಟು ಮಲಗಿದ್ದೆ. ಬೆಳಿಗ್ಗೆ ನಿನ್ನ ಮಗಳೇ ಫೋನ್ ಮಾಡಿದಳು. ಇಷ್ಟು ದಿನ ಮುಚ್ಚಿಟ್ಟದ್ದಕ್ಕೆ ಕ್ಷಮಿಸಿ ಅಂದಳು. ನಿನಗೆ ಮರೆವು ಬಹಳ ಆಗಿದೆಯಂತೆ. ಕೆಲವು ದಿನ ಮಗಳನ್ನೇ ಗುರುತು ಹಿಡಿಯಲ್ವಂತೆ. ಅವಳು ಪಾಪ ನಮ್ಮ ಮನೆ ಮಾತು ತೆಗೆದು, ದೊಡ್ಡಮ್ಮ ಕರೀತಿದಾರೆ, ಹೋಗ್ತೀಯಾ ಅಂತ ಕೇಳಿದಳಂತೆ. ನೀನು ಬಾಗಿಲ ಕಡೆ ನೋಡಿ, ದನಿ ಇಳಿಸಿ, "ಆ ಮನೆಯವರ ಜೊತೆ ನಮಗೆ ಮಾತಿಲ್ಲಮ್ಮ. ನಮ್ಮವರಿಗೆ ಗೊತ್ತಾದ್ರೆ ಬೇಜಾರು ಮಾಡ್ಕೋತಾರೆ" ಅಂದೆಯಂತೆ. ನಾಲ್ಕು ಜನರ ಮುಂದೆ ಹೇಳೋಕೆ ಅಂತ ನಾನೇ ನಿನಗೆ ಹೇಳಿಕೊಟ್ಟಿದ್ದ ಮಾತು ಅದು. ಬೇರೆಲ್ಲಾ ಮರೆತು ಅದೊಂದನ್ನ ಹಿಡ್ಕೊಂಡು ಕೂತಿದೀಯಲ್ಲೇ.

ನಮ್ಮವರು ಪಕ್ಕದಲ್ಲೇ ಇದ್ರು, ಕೇಳಿಸಿಕೊಂಡರು. "ಮಾತು ಬಂತಲ್ಲ, ಬಿಡು" ಅಂದ್ರು. ಔಷಧಿ ಅಂಗಡಿಯವರಿಗೆ ಹೂಂ ಅಂದಾಯ್ತು.

ಮಗಳೇ, ಇದನ್ನ ನಿಮ್ಮಮ್ಮನಿಗೆ ಓದಿ ಹೇಳೋಳು ನೀನೇ ಅಂತ ಗೊತ್ತು. ನಿಧಾನಕ್ಕೆ ಓದು. ಅವಳು ಸುಳ್ಳು ಅಂದ್ರೆ ಒತ್ತಾಯ ಮಾಡಬೇಡ, ಗಾಬರಿಯಾಗ್ತಾಳೆ. ಆದ್ರೆ ನೀನು ನಂಬು ತಾಯಿ. ನಿಮ್ಮಮ್ಮನೂ ನಾನೂ ಒಂದು ದಿನವೂ ಮಾತು ಬಿಟ್ಟಿರಲಿಲ್ಲ. ಇದು ಗೊತ್ತಿದ್ದವರು ಇಬ್ಬರೇ. ಈಗ ನಾನೊಬ್ಬಳೇ ಆಗಿಬಿಟ್ಟೆ.